ಒಂದಕ್ಷರ ಹೆಚ್ಚಾಯಿತು, ಅನ್ಯಲೋಕದ ಜೀವಿಗಳಿಗೆ ಮಂಕು ಕವಿಯಿತು

ಮುದ್ರಣದೋಷದಿಂದ ಅರ್ಥ ಅನರ್ಥವಾಗುವುದು ಪತ್ರಿಕೆಗಳಿಗೆ ಹೊಸದಲ್ಲ. ಮರುದಿನ ಒಂದು ತಿದ್ದುಪಡಿ ಪ್ರಕಟಿಸಿದರೆ ಸಾಕು, ಓದುಗರು ಕ್ಷಮಿಸುತ್ತಾರೆ. ಆದರೆ ಒಂದೇ ಒಂದು ಅಕ್ಷರದ ತಪ್ಪು ವಿಡಿಯೋ ಗೇಮೊಂದರ ವೈರಿಪಡೆಯ ಬುದ್ಧಿಯನ್ನೇ ಮಂಕಾಗಿಸಿದ್ದು, ಅದು ಮಾರುಕಟ್ಟೆಗೆ ಬಂದ ಐದು ವರ್ಷಗಳ ಬಳಿಕ ಸುದ್ದಿಯಾದದ್ದು ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ನ ವಿಚಿತ್ರ ಕಥೆ.

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ‘ಏಲಿಯನ್ಸ್’ ಚಿತ್ರ ತೆರೆ ಕಂಡದ್ದು 1986ರಲ್ಲಿ. ಅದರ ಕಥೆಯನ್ನು ಮುಂದುವರಿಸುವ ಈ ಗೇಮನ್ನು ಅಮೆರಿಕದ ಗೇರ್‌ಬಾಕ್ಸ್ ಸಂಸ್ಥೆ ಇತರ ಕೆಲವು ಸಂಸ್ಥೆಗಳ ನೆರವಿನೊಂದಿಗೆ ರೂಪಿಸಿತು. ಜಪಾನ್ ಮೂಲದ ಸೆಗಾ 2013ರ ಫೆಬ್ರುವರಿ 12ರಂದು ಅದನ್ನು ಬಿಡುಗಡೆ ಮಾಡಿತು. ಸೆಗಾ ಚಿತ್ರದ ಹಕ್ಕು ಪಡೆದದ್ದು 2006ರಲ್ಲಿ. ಅಂದರೆ ಅಭಿಮಾನಿಗಳು ಕಾದದ್ದು ಆರು ವರ್ಷಕ್ಕೂ ಹೆಚ್ಚು.

ಚಿತ್ರ ನೋಡಿದವರಿಗೆ ಗೊತ್ತು, ಅಲ್ಲಿನ ಜೀವಿಗಳ ಭಯಂಕರತೆ ಇರುವುದು ಹಲ್ಲು ಉಗುರುಗಳಲ್ಲಿ ಮಾತ್ರವಲ್ಲ, ಜಾಣತನದಲ್ಲಿ. ಸೈನಿಕರು ಬಾಗಿಲುಗಳನ್ನು ಭದ್ರಪಡಿಸಿ ಕಾಯುತ್ತಿದ್ದರೆ ಅವು ಛಾವಣಿಯ ಮೇಲಿನಿಂದ ಬರುತ್ತವೆ. ಗೇಮ್‌ನಲ್ಲಿಯೋ? ಬಂದೂಕಿನ ಮುಂದೆ ನೆಟ್ಟಗೆ ಓಡಿಬಂದು ಗುಂಡಿಗೆ ಎದೆಯೊಡ್ಡುತ್ತಿದ್ದವು! ಭಯ ಹುಟ್ಟಿಸಬೇಕಾದ ದೃಶ್ಯಗಳು ನಗೆ ತರಿಸಿದವು. ವಿಮರ್ಶಕರು ನೀಡಿದ ಸರಾಸರಿ ಅಂಕ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ.

ಹಗ್ಗ ಕಳಚಿದ ಹಸು

ಕಾರಣದ ಒಂದು ತುಣುಕು ಹೊರಬಿದ್ದದ್ದು ಗೇಮ್‌ಗಳನ್ನು ಹವ್ಯಾಸಕ್ಕಾಗಿ ತಿದ್ದುವ ಆಟಗಾರನೊಬ್ಬನಿಂದ. 2018ರ ಜುಲೈನಲ್ಲಿ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಕಂಪ್ಯೂಟರ್‌ನಲ್ಲಿ ಆಡುವ ಆವೃತ್ತಿಯೊಂದಿಗೆ ಬರುವ ಸಿದ್ಧತಾ ಕಡತವನ್ನು ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅದರ ಒಂದು ಸಾಲಿನಲ್ಲಿ ‘ಟೆದರ್’ ಎಂಬ ಇಂಗ್ಲಿಷ್ ಪದವಿದೆ. ಕಾಗುಣಿತ ಟಿ-ಇ-ಟಿ-ಎಚ್-ಇ-ಆರ್ ಎಂದಿರಬೇಕಾಗಿತ್ತು; ನಡುವೆ ‘ಎ’ ಅಕ್ಷರವೊಂದು ನುಸುಳಿ ಟಿ-ಇ-ಎ-ಟಿ-ಎಚ್-ಇ-ಆರ್ ಆಗಿತ್ತು.

ಟೆದರ್ ಎಂದರೆ ಮೇಯುವ ಹಸುವನ್ನು ಗೂಟಕ್ಕೆ ಕಟ್ಟುವ ಹಗ್ಗ. ಗೇಮ್‌ನಲ್ಲಿಯೂ ಅದರ ಕೆಲಸ ಹೆಚ್ಚುಕಡಿಮೆ ಅದೇ. ಪ್ರತಿ ಜೀವಿಯನ್ನೂ ಒಂದೊಂದು ವಲಯಕ್ಕೆ ಜೋಡಿಸಿ, ಎಲ್ಲಿ ಹೊಂಚುಹಾಕಬೇಕು, ಯಾವ ಪಕ್ಕದಿಂದ ಸುತ್ತುವರಿಯಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಹೆಸರೇ ತಪ್ಪಾದ ಮೇಲೆ ಕಂಪ್ಯೂಟರ್‌ಗೆ ಆ ಆಜ್ಞೆ ಸಿಗಲಿಲ್ಲ. ಪಿನ್‌ಕೋಡ್ ತಪ್ಪಾದ ಪತ್ರವಾದರೆ ಕಳುಹಿಸಿದವರಿಗೇ ಮರಳೀತು. ಇಲ್ಲಿ ಅದೂ ಇಲ್ಲ. ದೋಷ ಸೂಚನೆ ಬರಲಿಲ್ಲ, ಗೇಮ್ ನಿಲ್ಲಲಿಲ್ಲ. ಗೂಟದ ನಂಟು ತಪ್ಪಿದ ಜೀವಿಗಳು ಕಣ್ಣಿಗೆ ಬಿದ್ದ ಆಟಗಾರನತ್ತ ಸುಮ್ಮನೆ ನುಗ್ಗಿದವು. ಆ ‘ಎ’ಯನ್ನು ಅಳಿಸಿ ಆಡಿದವರು ಜೀವಿಗಳು ಪಕ್ಕದಿಂದ, ಬಳಸುದಾರಿಯಿಂದ ಎರಗತೊಡಗಿದ್ದನ್ನು ಕಂಡು ಬೆರಗಾದರು.

ಹಾಗೆಂದು ಎಲ್ಲ ಪಾಪವನ್ನೂ ಆ ಅಕ್ಷರದ ತಲೆಗೆ ಕಟ್ಟುವುದು ಸರಿಯಲ್ಲ. ಸೊರಗಿದ ದೃಶ್ಯಗಳು, ಸಪ್ಪೆ ಕಥೆ, ಹೆಜ್ಜೆಹೆಜ್ಜೆಗೂ ಎದುರಾಗುವ ತಾಂತ್ರಿಕ ದೋಷಗಳು ಕಾಗುಣಿತ ತಿದ್ದಿದರೆ ಹೋಗುವಂಥವಲ್ಲ. ಗ್ರಾಹಕರ ನಿಜವಾದ ಸಿಟ್ಟು ಇದ್ದದ್ದೂ ಬೇರೆ ವಿಷಯಕ್ಕೆ. ಬಿಡುಗಡೆಗೆ ಮುನ್ನ ವಾಣಿಜ್ಯ ಮೇಳಗಳಲ್ಲಿ ತೋರಿಸಿದ ಪ್ರಾತ್ಯಕ್ಷಿಕೆಯಲ್ಲಿ ನೆರಳು ಬೆಳಕಿನ ವೈಭವವಿತ್ತು, ಜೀವಿಗಳ ಚಲನೆಯಲ್ಲಿ ಜೀವವಿತ್ತು. ಅದನ್ನು ನಂಬಿ ಮುಂಗಡ ಹಣ ಕೊಟ್ಟವರ ಕೈಗೆ ಬಂದದ್ದು ಬೇರೆಯೇ ಸರಕು. ತೋರಿಸಿದ್ದು ಚಿನ್ನ, ತೂಗಿದ್ದು ಹಿತ್ತಾಳೆ ಎಂಬಂತೆ.

ದೂರು ಬಂದಾಗ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ಮುಂದೆ ಸೆಗಾ, ಪ್ರಚಾರದ ತುಣುಕುಗಳು ಅಂತಿಮ ಗೇಮನ್ನು ಯಥಾವತ್ತಾಗಿ ಬಿಂಬಿಸುವುದಿಲ್ಲ ಎಂದು 2013ರಲ್ಲಿ ಒಪ್ಪಿಕೊಂಡಿತು. ಅವುಗಳಿಗೆ ಸ್ಪಷ್ಟನೆ ಸೇರಿಸಲು ಸಮ್ಮತಿಸಿತು. ಅದೇ ವರ್ಷ ಅಮೆರಿಕದಲ್ಲಿ ಗ್ರಾಹಕರಿಬ್ಬರು ಎಲ್ಲ ಖರೀದಿದಾರರ ಪರವಾಗಿ ಸೆಗಾ ಮತ್ತು ಗೇರ್‌ಬಾಕ್ಸ್ ವಿರುದ್ಧ ದಾವೆ ಹೂಡಿದರು. 2014ರಲ್ಲಿ ಸೆಗಾ 12.5 ಲಕ್ಷ ಡಾಲರ್‌ಗೆ ರಾಜಿಗೆ ಮುಂದಾಯಿತಾದರೂ 2015ರಲ್ಲಿ ಗೇರ್‌ಬಾಕ್ಸ್ ಪ್ರಕರಣದಿಂದ ಹೊರಬಂದಿತು, ದಾವೆ ತನ್ನ ಸಾಮೂಹಿಕ ಸ್ವರೂಪವನ್ನೂ ಕಳೆದುಕೊಂಡಿತು. ಉಳಿದ ಖರೀದಿದಾರರ ಪಾಲಿಗೆ ಪರಿಹಾರದ ಆಸೆ ಅಲ್ಲಿಗೇ ಮುಗಿಯಿತು.

ಮರುವರ್ಷ, 2014ರಲ್ಲಿ, ಸೆಗಾ ಅದೇ ಕಥಾಲೋಕದ ‘ಏಲಿಯನ್: ಐಸೊಲೇಷನ್’ ಹೊರತಂದಿತು. ಅಲ್ಲಿ ಆಟಗಾರನನ್ನು ಬೆನ್ನಟ್ಟುವ ಜೀವಿಯ ಜಾಣ್ಮೆಯೇ ಮುಖ್ಯ ಆಕರ್ಷಣೆ. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ರೂಪಿಸಿದ ಆ ಗೇಮಿಗೆ ವಿಮರ್ಶಕರ ಮೆಚ್ಚುಗೆಯೂ ದೊರೆಯಿತು.

ಕಲೋನಿಯಲ್ ಮರೀನ್ಸ್‌ನ ಕಂಪ್ಯೂಟರ್ ಆವೃತ್ತಿ ಇರುವವರು ಇಂದಿಗೂ ಆ ಕಡತ ತೆರೆದು ಒಂದಕ್ಷರ ಅಳಿಸಬಹುದು. ಪ್ಲೇಸ್ಟೇಷನ್ 3 ಅಥವಾ ಎಕ್ಸ್‌ಬಾಕ್ಸ್ 360ಕ್ಕೆಂದು ಡಿಸ್ಕ್ ಕೊಂಡವರಿಗೆ ಆ ಸಾಲು ಕೈಗೆ ಎಟುಕುವಂಥದ್ದಲ್ಲ. ಅವರ ಪಾಲಿನ ಜೀವಿಗಳು ಈಗಲೂ ನೆಟ್ಟಗೆ ಓಡಿಬರುತ್ತಿವೆ.