‘ಓದಲು ಮಾತ್ರ’ ಎಂಬ ಗುರುತು

ನಮ್ಮ ಕಾಲೇಜಿನ ಗಣಕಯಂತ್ರಗಳ ಕೊಠಡಿಯಲ್ಲಿ ಕೆಲವು ಯಂತ್ರಗಳು ವಿಂಡೋಸಿನವು, ಕೆಲವು ಲಿನಕ್ಸಿನವು. ಅರ್ಥಶಾಸ್ತ್ರದ ಪ್ರಾಜೆಕ್ಟಿಗಾಗಿ ಹಳ್ಳಿಹಳ್ಳಿ ಅಲೆದು ಬರೆದು ತಂದ ಮನೆವಾರು ಲೆಕ್ಕವನ್ನು ನನ್ನ ಸಹಪಾಠಿಗಳು ಅಲ್ಲಿ ತುಂಬಿಸುತ್ತಾರೆ. ಯಾರೂ ಕೆಡಿಸದಿರಲೆಂದು ಕಡತಕ್ಕೆ ‘ಓದಲು ಮಾತ್ರ’ ಎಂಬ ಗುರುತು ಹಾಕಿ ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ. ಆ ನಿಶ್ಚಿಂತೆಗೆ ಒಂದು ಬಗೆಯ ಯಂತ್ರದಲ್ಲಿ ಅಷ್ಟಿಷ್ಟು ಆಧಾರವುಂಟು. ಇನ್ನೊಂದರಲ್ಲಿ ಏನೂ ಇಲ್ಲ. ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ಮಿತ್ರರು ಕೇಳಬಹುದು. ಕಡತ ಅಳಿದಾಗ ಅಳುವವರು ನಾವೇ ಅಲ್ಲವೆ?

ಲಿನಕ್ಸ್ ಅನುಸರಿಸುವುದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸಿನ ಪದ್ಧತಿಯನ್ನು. ಅದರಲ್ಲಿ ಡೈರೆಕ್ಟರಿಯೆಂದರೆ ಒಂದು ದಾಖಲೆ ಪುಸ್ತಕ. ಕಡತದ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಅಳಿಸುವುದೆಂದರೆ ಆ ಪುಸ್ತಕದಿಂದ ಒಂದು ಸಾಲನ್ನು ಹೊಡೆದುಹಾಕುವುದು. ಹಾಸ್ಟೆಲಿನ ಹಾಜರಿ ಪುಸ್ತಕದಿಂದ ಒಬ್ಬನ ಹೆಸರು ತೆಗೆಯಲು ವಾರ್ಡನರಿಗೆ ಪುಸ್ತಕದ ಮೇಲೆ ಅಧಿಕಾರವಿದ್ದರೆ ಸಾಕು, ಹುಡುಗನ ಒಪ್ಪಿಗೆ ಬೇಕಿಲ್ಲ. ಇದೂ ಹಾಗೆಯೇ. ಕಡತದ ಮೇಲಿನ ಗುರುತು ಒಳಗಿನ ಬರಹವನ್ನು ತಿದ್ದದಂತೆ ತಡೆಯುತ್ತದೆಯೇ ಹೊರತು ಕಡತವನ್ನು ತೆಗೆಯದಂತೆ ತಡೆಯುವುದಿಲ್ಲ. ‘ಆರ್‌ಎಂ’ ಆಜ್ಞೆಯು ಇಂಥ ಕಡತವನ್ನು ಕಂಡಾಗ ಒಮ್ಮೆ ಕೇಳುವುದುಂಟು. ಅದು ಬರಿಯ ಮರ್ಯಾದೆ, ‘ಎಫ್’ ಅಕ್ಷರ ಸೇರಿಸಿದರೆ ಅದೂ ಇಲ್ಲ. ಇದಕ್ಕೆ ಪ್ರತಿಯಾಗಿ, ಡೈರೆಕ್ಟರಿಗೇ ಬರೆಯುವ ಅನುಮತಿ ಇಲ್ಲದಿದ್ದರೆ, ಅದರಲ್ಲಿನ ಕಡತಗಳು ಎಷ್ಟೇ ತೆರೆದಿರಲಿ, ಸಾಮಾನ್ಯ ಬಳಕೆದಾರನು ಒಂದನ್ನೂ ಅಳಿಸಲಾರ. ಅಲ್ಲಿ ‘ಎಫ್’ ಕೂಡ ಸೋಲುತ್ತದೆ.

ವಿಂಡೋಸಿನಲ್ಲಿ ಡಾಸ್ ಕಾಲದಿಂದ ಬಂದ ಈ ಗುರುತು ಕಡತಕ್ಕೇ ಹಾಕಿದ ಬೀಗ. ಆಜ್ಞೆಯಾಗಲಿ ಪ್ರೋಗ್ರಾಮಾಗಲಿ ಸುಮ್ಮನೆ ಅಳಿಸಹೋದರೆ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಸಾಮಾನ್ಯವಾಗಿ ಮೊದಲು ಗುರುತನ್ನು ತೆಗೆದು ಆಮೇಲೆ ಅಳಿಸಬೇಕು. ಫೋಲ್ಡರಿನ ಮೇಲೆ ಅದೇ ಗುರುತಿದ್ದರೆ ಒಳಗಿನ ಕಡತಗಳಿಗೆ ಯಾವ ರಕ್ಷಣೆಯೂ ಇಲ್ಲ. ಫೋಲ್ಡರಿನ ಚಿತ್ರ ಬದಲಾಯಿಸಿದೆಯೆಂದು ಗುರುತಿಸಲಿಕ್ಕೂ ವಿಂಡೋಸ್ ಇದನ್ನೇ ಬಳಸುತ್ತದೆ!

ಪ್ರೋಗ್ರಾಮು ಬರೆಯುವವನ ಪಾಡು ಇಲ್ಲಿಂದ ಶುರು. ಗಿಟ್ ಎಂಬ ಸಾಧನವು ತನ್ನ ಒಳಗಿನ ದಾಖಲೆಗಳನ್ನು ‘ಓದಲು ಮಾತ್ರ’ ಎಂದೇ ಇಡುತ್ತದೆ. ಅಂಥ ಫೋಲ್ಡರನ್ನು ಬುಡಸಹಿತ ಅಳಿಸುವ ಪೈಥಾನ್ ಪ್ರೋಗ್ರಾಮು ಲಿನಕ್ಸಿನಲ್ಲಿ ಸಲೀಸಾಗಿ ಮುಗಿಯುತ್ತದೆ. ಅದೇ ಪ್ರೋಗ್ರಾಮು ವಿಂಡೋಸಿನಲ್ಲಿ ನಡುವೆ ನಿಂತು, ಅರ್ಧ ಅಳಿದ ಅರ್ಧ ಉಳಿದ ಫೋಲ್ಡರನ್ನು ಬಿಟ್ಟುಹೋಗುತ್ತದೆ. ನನಗೆ ಪೂರ್ತಿ ನಾಶಕ್ಕಿಂತ ಇದೇ ಕೆಟ್ಟದ್ದೆನಿಸುತ್ತದೆ. ಅಳಿಸಲಾಗದ ಕಡತದ ಗುರುತು ತೆಗೆದು ಮತ್ತೆ ಪ್ರಯತ್ನಿಸುವುದು ರೂಢಿಯ ಪರಿಹಾರ. 2023ರ ಪೈಥಾನ್ 3.12 ಇದಕ್ಕೆ ‘ಆನೆಕ್ಸ್‌ಸಿ’ ಎಂಬ ಹೊಸ ಏರ್ಪಾಡನ್ನೇ ಕೊಟ್ಟಿತು. ಆದರೆ ಲಿನಕ್ಸಿನಲ್ಲಿ ಅನುಮತಿ ಬೇಕಾದದ್ದು ಕಡತಕ್ಕಲ್ಲ, ಅದನ್ನು ಹೊತ್ತ ಡೈರೆಕ್ಟರಿಗೆ. ಇಷ್ಟು ತಿಳಿಯದೆ ಒಂದೇ ಮದ್ದನ್ನು ಎರಡು ಕಡೆಗೂ ಹಾಕುವವರು ಬಹಳ. ಇನ್ನೊಂದು ಅಪಾಯವೂ ಇದೆ. ಅನುಮತಿ ಬದಲಿಸುವ ಆಜ್ಞೆಯು ಸಾಂಕೇತಿಕ ಕೊಂಡಿಯ ಬೆನ್ನುಹತ್ತಿ ಹೋಗಿ, ಎಲ್ಲೋ ದೂರದ ಕಡತದ ಗುರುತನ್ನು ಕಳಚಿಬಿಡಬಹುದು.

ಎರಡು ಕಡೆಯೂ ಒಂದೇ ನಡವಳಿಕೆ ಬೇಕೆಂದರೆ ಯಾವುದಿರಬೇಕು? ದಿನನಿತ್ಯ ಕೈಯಿಂದ ಅಳಿಸುವಾಗ ಎರಡೂ ಒಮ್ಮೆ ಕೇಳಲಿ. ಬುಡಸಹಿತ ಕಿತ್ತುಹಾಕೆಂದು ಸ್ಪಷ್ಟವಾಗಿ ಹೇಳಿದಾಗ ಎರಡೂ ಗುರುತನ್ನು ಲೆಕ್ಕಿಸದಿರಲಿ ಎಂಬುದು ನನ್ನ ಮತ. 2018ರಲ್ಲಿ ವಿಂಡೋಸ್ 10ಕ್ಕೂ ಗುರುತನ್ನು ಕಡೆಗಣಿಸಿ ಅಳಿಸುವ ಸೌಲಭ್ಯ ಸೇರಿತು.

ಸದ್ಯಕ್ಕೆ ನಮ್ಮ ಲೆಕ್ಕದ ಕಡತಗಳ ಮಾತು. ಲಿನಕ್ಸ್ ಯಂತ್ರದಲ್ಲಿ ಡೈರೆಕ್ಟರಿಯ ಬರೆಯುವ ಅನುಮತಿಯನ್ನೂ ತೆಗೆದುಬಿಡಿ. ಆದರೆ ಎಲ್ಲರೂ ಒಂದೇ ಹೆಸರಿನಿಂದ ಒಳಹೋಗುವ ಯಂತ್ರವಾದರೆ, ನೀವು ತೆಗೆದದ್ದನ್ನು ಮುಂದೆ ಕೂತವನು ಮತ್ತೆ ಕೊಟ್ಟುಕೊಳ್ಳಬಲ್ಲ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಿರಿ.