ಎಂಜಿನ್ ಬಿಚ್ಚಿಸಿದ್ರಿ ಸರಿ, ಆಯಿಲ್ ಪ್ಲಗ್ ಬಿಚ್ಚಿಸಿದ್ರಾ?

ಶನಿವಾರ ಬೆಳಗ್ಗೆ ನಮ್ಮ ಶನಿವಾರಸಂತೆಯ ಪೇಟೆಯಲ್ಲಿ ಒಂದು ಗಳಿಗೆ ನಿಂತು ನೋಡಿ. ಹಸಿಮೆಣಸಿನ ಮೂಟೆ, ಶುಂಠಿ ಚೀಲ, ಕಾಫಿ ತೋಟಕ್ಕೆ ಹೋಗುವ ಕೆಲಸದವರು, ಇಷ್ಟನ್ನೂ ಹೊರುವುದು ಹಳೇ ಜೀಪು, ಪಿಕಪ್‌ಗಳೇ. ನಮ್ಮ ಬ್ಯಾರಿ ಕುಟುಂಬಗಳಲ್ಲಿ ಇಂಥ ಒಂದು ಗಾಡಿ ಓಡಿದರೆ ಮಾತ್ರ ಒಲೆ ಉರಿಯುವ ಮನೆಗಳು ಎಷ್ಟೋ ಉಂಟು. ಹಾಗಾಗಿ ಎಂಜಿನ್ ಕೆಲಸ ಅಂದ್ರೆ ಗ್ಯಾರೇಜಿನ ವಿಷಯ ಮಾತ್ರ ಅಲ್ಲ, ಮನೆಯ ವಿಷಯವೂ ಹೌದು.

ಎರಡು ವರ್ಷದ ಹಿಂದೆ ನನ್ನ ಸೋದರಮಾವನ ಡೀಸೆಲ್ ಜೀಪು ಹೊಗೆ ಕಾರಲು ಶುರು ಮಾಡಿತು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಎಂಜಿನ್ ಪೂರ್ತಿ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿದರು. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಅದು. ಮೂರನೇ ವಾರ ಕೊಡ್ಲಿಪೇಟೆ ರಸ್ತೆಯಲ್ಲಿ ಎಂಜಿನ್ನಿನ ಒಳಗಿಂದ ಟಕ್ ಟಕ್ ಸದ್ದು ಬಂತು. ಬಿಚ್ಚಿ ನೋಡಿದರೆ ಹೊಸ ಬೇರಿಂಗ್ ಗೀರಿ ಹೋಗಿತ್ತು, ಅದರ ಜೊತೆ ಕ್ರ್ಯಾಂಕ್ ಕೂಡ.

ಆಗ ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರು ಬ್ಲಾಕಿನ ಹಿಂಬದಿಯಲ್ಲಿದ್ದ ಬೆರಳಗಲದ ಒಂದು ಮುಚ್ಚಳ ತೆಗೆದು, ಒಳಗೆ ತಂತಿ ಹಾಕಿ ಎಳೆದರು. ಕಾಡಿಗೆಯಂಥ ಮಡ್ಡಿ ಬಂತು. ಬೆರಳಲ್ಲಿ ತಿಕ್ಕಿದರೆ ಹೊಳೆಯುವ ಲೋಹದ ಪುಡಿ. "ಎಲ್ಲ ಹೊಸತು ಹಾಕಿದ್ದಾರೆ ಉಸ್ತಾದ್ರೆ, ಇದೊಂದನ್ನು ಮಾತ್ರ ಬಿಚ್ಚಲಿಲ್ಲ" ಅಂದರು. ಆ ದಿನ ಅವರ ಹತ್ತಿರ ಕೂತು ಕೇಳಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಪ್ಲಗ್ ಇದು?

ಆಯಿಲ್ ಪ್ಲಗ್ ಅಂದ ಕೂಡಲೇ ನಮಗೆ ನೆನಪಾಗುವುದು ಆಯಿಲ್ ಬದಲಿಸುವಾಗ ಕೆಳಗೆ ಬಿಚ್ಚುವ ಡ್ರೈನ್ ಬೋಲ್ಟು. ಇದು ಅದಲ್ಲ. ಬ್ಲಾಕಿನ ಬದಿಯಲ್ಲಿ ಕಾಣುವ ದೊಡ್ಡ ಬಟ್ಟಲಿನಂಥ ವೆಲ್ಚ್ ಪ್ಲಗ್ ಕೂಡ ಅಲ್ಲ, ಅದು ನೀರಿನ ಕಡೆಯದ್ದು.

ಎಂಜಿನ್ನಿನಲ್ಲಿ ಆಯಿಲ್ ಪಂಪು ಕೆಳಗಿನ ಸಂಪಿನಿಂದ ಎಣ್ಣೆ ಎಳೆದು ಫಿಲ್ಟರಿಗೆ ಕೊಡುತ್ತದೆ. ಅಲ್ಲಿಂದ ಬ್ಲಾಕಿನ ಉದ್ದಕ್ಕೂ ಕೊರೆದ ಒಂದು ದಾರಿಗೆ ಎಣ್ಣೆ ಹೋಗುತ್ತದೆ. ಅದಕ್ಕೆ ಆಯಿಲ್ ಗ್ಯಾಲರಿ ಎನ್ನುತ್ತಾರೆ. ಆ ದಾರಿಯಿಂದ ಕವಲೊಡೆದು ಮೇನ್ ಬೇರಿಂಗ್‌ಗೆ, ಕ್ರ್ಯಾಂಕಿನೊಳಗಿನ ರಂಧ್ರದ ಮೂಲಕ ಕನೆಕ್ಟಿಂಗ್ ರಾಡಿಗೆ, ಇನ್ನೊಂದು ಕವಲಿನಲ್ಲಿ ಮೇಲಿನ ವಾಲ್ವ್‌ಗಳ ಕಡೆಗೆ. ಕಾರ್ಖಾನೆಯಲ್ಲಿ ಈ ದಾರಿಯನ್ನು ಬ್ಲಾಕಿನ ಹೊರಗಿನಿಂದಲೇ ಕೊರೆಯಬೇಕು. ಕೊರೆದ ಬಾಯಿ ತೆರೆದೇ ಉಳಿದರೆ ಎಣ್ಣೆಯೆಲ್ಲ ಹೊರಗೆ. ಅದಕ್ಕೇ ಆ ಬಾಯಿಗಳಿಗೆ ಪ್ಲಗ್ ಹಾಕುತ್ತಾರೆ. ಕೆಲವು ಕಡೆ ಥ್ರೆಡ್ ಇರುವ ಸ್ಕ್ರೂ, ಕೆಲವು ಕಡೆ ಒತ್ತಿ ಕೂರಿಸಿದ ಉಕ್ಕಿನ ಅಥವಾ ಅಲ್ಯೂಮಿನಿಯಂ ಬಿರಡೆ, ಇನ್ನು ಕೆಲವು ಕಡೆ ಉಕ್ಕಿನ ಗುಂಡು.

ಕೊನೆಯ ಕವಲಿನಿಂದ ಪ್ಲಗ್‌ವರೆಗಿನ ಸ್ವಲ್ಪ ಜಾಗದಲ್ಲಿ ಎಣ್ಣೆ ಹರಿಯುವುದಿಲ್ಲ, ನಿಲ್ಲುತ್ತದೆ. ಚರಂಡಿಯ ಮೂಲೆಯಲ್ಲಿ ಕೆಸರು ನಿಂತ ಹಾಗೆ ವರ್ಷಗಟ್ಟಲೆ ಮಡ್ಡಿ ಅಲ್ಲೇ ಕೂರುತ್ತದೆ. ಬೋರ್ ಮತ್ತು ಹೋನಿಂಗ್ ಮಾಡುವಾಗ ಏಳುವ ಸಾಣೆಪುಡಿಯೂ ಈ ದಾರಿಗೆ ಇಳಿಯುತ್ತದೆ. ಹೊರಗಿನಿಂದ ಸೀಮೆಎಣ್ಣೆ ಹೊಡೆದು ತೊಳೆದರೆ ಮಡ್ಡಿ ಮೆತ್ತಗಾಗುತ್ತದೆ ಹೊರತು ಹೊರಗೆ ಬರುವುದಿಲ್ಲ. ಹೊಸ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಎಣ್ಣೆ ಓಡಿದ ಮೇಲೆ ಅದು ಮೆಲ್ಲ ಕಳಚಿ ಬೇರಿಂಗ್‌ಗೆ ಬರುತ್ತದೆ. ಗ್ಯಾಲರಿ ಇರುವುದು ಫಿಲ್ಟರ್ ದಾಟಿದ ಮೇಲೆ, ಅಲ್ಲಿ ತಡೆಯುವವರು ಯಾರೂ ಇಲ್ಲ. ಬೇರಿಂಗಿನಲ್ಲಿ ಎಣ್ಣೆಗೆ ಇರುವ ಸಂದು ತಲೆಗೂದಲಿನ ದಪ್ಪದಷ್ಟು. ಅದರಲ್ಲಿ ಮರಳಿನಂಥ ಪುಡಿ ಸಿಕ್ಕಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿ.

ತೆಗೆಯುವುದು ಹೇಗೆ?

ಥ್ರೆಡ್ ಇರುವ ಪ್ಲಗ್ ಹಳೇ ಎಂಜಿನ್ನಿನಲ್ಲಿ ಹಿಡಿದುಕೊಂಡಿರುತ್ತದೆ. ಜೋರು ಮಾಡಿದರೆ ಅಲೆನ್ ಕೀ ಕೂರುವ ಗುಂಡಿಯೇ ಸವೆದು ಹೋಗುತ್ತದೆ. ಎಣ್ಣೆ ಒರೆಸಿ, ಗ್ಯಾಸ್ ಟಾರ್ಚಿನಿಂದ ಪ್ಲಗ್ ಸುತ್ತ ಹದವಾಗಿ ಬಿಸಿ ಮಾಡಿ, ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿಗೆ ಇಳಿಯುತ್ತದೆ. ಆಮೇಲೆ ಮುಂದೆ ಹಿಂದೆ ಆಡಿಸಿ ತೆಗೆಯಬೇಕು.

ಒತ್ತಿ ಕೂರಿಸಿದ ಬಿರಡೆಗೆ ನಡುವೆ ಸಣ್ಣ ತೂತು ಕೊರೆದು, ಥ್ರೆಡ್ ಹಾಕಿ, ಬೋಲ್ಟ್ ಕೂರಿಸಿ ಹೊರಗೆ ಎಳೆಯುತ್ತಾರೆ. ದಾರಿ ನೇರ ಇದ್ದರೆ ಆಚೆ ಬದಿಯಿಂದ ಉದ್ದ ಸರಳು ಹಾಕಿ ತಟ್ಟಿ ಹೊರಡಿಸುವುದೂ ಉಂಟು. ಡ್ರಿಲ್ ಬಿಟ್ಟು ಒಳಗಿನ ಗೋಡೆಗೆ ತಾಗಬಾರದು. ಯಾವ ಎಂಜಿನ್ನಿನಲ್ಲಿ ಎಲ್ಲೆಲ್ಲಿ ಎಷ್ಟು ಪ್ಲಗ್ ಅಂತ ಕಂಪನಿಯ ಕೈಪಿಡಿ ನೋಡಿ, ತೆಗೆದದ್ದನ್ನೆಲ್ಲ ಎಣಿಸಿ ಇಡಬೇಕು. ಒಂದು ಮರೆತರೂ ಮೊದಲ ಸ್ಟಾರ್ಟಿಗೆ ಎಣ್ಣೆ ಪ್ರೆಶರ್ ಇರುವುದಿಲ್ಲ.

ಪ್ಲಗ್ ಎಲ್ಲ ತೆಗೆದ ಮೇಲೆ ಉದ್ದ ಬ್ರಷ್ಷಿನಿಂದ, ಸೋಪಿನ ಬಿಸಿ ನೀರಿನಲ್ಲಿ ದಾರಿಗಳನ್ನು ಉಜ್ಜಿ, ಗಾಳಿ ಹೊಡೆದು ಒಣಗಿಸಬೇಕು. ಬೀಡು ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೆ ಕೂಡಲೇ ಎಣ್ಣೆ ಸವರಬೇಕು.

ಬದಲಾವಣೆ ಮಾಡುವುದಾದರೆ

ಒತ್ತಿ ಕೂರಿಸುವ ಬಿರಡೆಯ ಜಾಗದಲ್ಲಿ ಥ್ರೆಡ್ ಕೊರೆದು ಸ್ಕ್ರೂ ಪ್ಲಗ್ ಹಾಕುವುದು ಅನುಭವಿ ಮೇಸ್ತ್ರಿಗಳು ಮಾಡುವ ಕೆಲಸ. ಗಲ್ಫಿನ ಗ್ಯಾರೇಜುಗಳಲ್ಲಿ ದುಡಿದು ಬಂದ ನಮ್ಮ ಹುಡುಗರಲ್ಲಿಯೂ ಇದು ಗೊತ್ತಿರುವವರು ಇದ್ದಾರೆ. ಮುಂದಿನ ಸಲ ಬಿಚ್ಚುವುದು ಸುಲಭ, ಬಿರಡೆ ಹಾರಿ ಹೋಗುವ ಭಯವೂ ಇಲ್ಲ. ಆದರೆ ನಾಲ್ಕು ಎಚ್ಚರ ಬೇಕು.

ಒಂದು, ಪ್ಲಗ್ ಉದ್ದ ಆಗಿ ಒಳಗಿನ ಕವಲಿನ ಬಾಯಿ ಮುಚ್ಚಬಾರದು. ಮುಚ್ಚಿದರೆ ಒಂದು ಬೇರಿಂಗಿಗೆ ಎಣ್ಣೆಯೇ ಇಲ್ಲ. ತಂತಿ ಹಾಕಿ ನೋಡಿ, ಉದ್ದ ಇದ್ದರೆ ತುದಿ ಸಾಣೆ ಹಿಡಿಯಬೇಕು.

ಎರಡು, ಓರೆ ಥ್ರೆಡ್ಡಿನ ಪೈಪ್ ಪ್ಲಗ್ ಆಣಿಯ ಹಾಗೆ ಒಳಗೆ ಹೋದಷ್ಟೂ ಬಿಗಿಯುತ್ತದೆ. ಬ್ಲಾಕಿನ ಅಂಚಿನಲ್ಲಿ ಜಾಸ್ತಿ ಬಿಗಿದರೆ ಕಬ್ಬಿಣ ಸೀಳುತ್ತದೆ. ಸುತ್ತ ಗೋಡೆ ತೆಳ್ಳಗಿದ್ದರೆ ಈ ಬದಲಾವಣೆ ಬೇಡ, ಅದೇ ಅಳತೆಯ ಹೊಸ ಬಿರಡೆ ಸಾಕು.

ಮೂರು, ಟೆಫ್ಲಾನ್ ಟೇಪಿನ ಚೂರು ಒಳಗೆ ಬಿದ್ದರೆ ಅದೇ ಕಸ ಆಗುತ್ತದೆ. ಥ್ರೆಡ್ಡಿಗೆ ಹಚ್ಚುವ ದ್ರವ ಸೀಲೆಂಟ್ ಒಳ್ಳೆಯದು, ಅದೂ ಎಣ್ಣೆಪಸೆ ತೆಗೆದು ಸ್ವಲ್ಪವೇ.

ನಾಲ್ಕು, ಕೆಲವು ಎಂಜಿನ್‌ಗಳಲ್ಲಿ ಮುಂದಿನ ಪ್ಲಗ್ಗಿಗೆ ಸೂಜಿಮೊನೆಯಂಥ ತೂತು ಇರುತ್ತದೆ. ಟೈಮಿಂಗ್ ಚೈನಿಗೋ ಗೇರಿಗೋ ಎಣ್ಣೆ ಚಿಮ್ಮಿಸಲು ಇಟ್ಟದ್ದು ಅದು. ಅಲ್ಲಿ ಗಟ್ಟಿ ಪ್ಲಗ್ ಹಾಕಿದರೆ ಚೈನು ಒಣಗುತ್ತದೆ. ಹಳೆಯದನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ.

ಥ್ರೆಡ್ ಕೊರೆದ ಪುಡಿಯೂ ದಾರಿಯಲ್ಲೇ ಬೀಳುತ್ತದೆ. ಹಾಗಾಗಿ ಕೊನೆಯ ತೊಳೆತ ಎಲ್ಲ ಕೊರೆತ ಮುಗಿದ ಮೇಲೆ ಆಗಬೇಕು. ಹಿಂಬದಿಯ ಪ್ಲಗ್ ಸೋರಿದರೆ ಎಣ್ಣೆ ಕ್ಲಚ್ಚಿಗೆ ಬರುತ್ತದೆ, ಅದನ್ನು ಸರಿ ಮಾಡಲು ಗೇರ್‌ಬಾಕ್ಸೇ ಇಳಿಸಬೇಕು. ಆತುರದ ಕೆಲಸ ಅಲ್ಲ ಇದು.

ಹಳೇ ಎಂಜಿನ್, ಉಳಿಸಿಕೊಳ್ಳುವಂಥದ್ದು

ಮಹೀಂದ್ರದವರು 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆದರು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ. ಅಂಥ ಹಳೇ ಜೀಪು ಎಂಜಿನ್‌ಗಳನ್ನು ಜನ ಎರಡು ಮೂರು ಸಲ ಬಿಚ್ಚಿಸಿ ಓಡಿಸುತ್ತಾರೆ. ಪ್ರತಿ ಸಲವೂ ಪ್ಲಗ್ ಬಿಚ್ಚದೆ ಬಿಟ್ಟರೆ ಮೊದಲ ದಿನದ ಮಡ್ಡಿಯೇ ಕೊನೆಯವರೆಗೂ ಒಳಗಿರುತ್ತದೆ.

ಗಾಡಿ ಬಿಡುವ ಮೊದಲೇ ಗ್ಯಾರೇಜಿನಲ್ಲಿ ಮೂರು ಮಾತು ಕೇಳಿ. ಗ್ಯಾಲರಿ ಪ್ಲಗ್ ಬಿಚ್ಚುತ್ತೀರಾ? ಬೋರ್ ಮುಗಿದು ಬ್ಲಾಕ್ ಬಂದ ಮೇಲೆ ಮತ್ತೆ ತೊಳೆಯುತ್ತೀರಾ? ಸ್ಟಾರ್ಟ್ ಮಾಡುವ ಮೊದಲು ಎಣ್ಣೆ ಪ್ರೆಶರ್ ಬರಿಸಿ ತೋರಿಸುತ್ತೀರಾ? ಒಳ್ಳೆ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ. ಒಂದು ದಿನದ ಕೂಲಿ ಜಾಸ್ತಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ.

ಮಾವನ ಜೀಪು ಈಗ ಓಡುತ್ತಿದೆ. ಆದರೆ ಎರಡು ಸಲದ ಎಂಜಿನ್ ಕೆಲಸಕ್ಕೆ ದುಡ್ಡು ಹೋಯಿತು, ಮದುವೆ ಒಂದು ವರ್ಷ ಮುಂದೆ ಹೋಯಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.