ಸೌರಕೋಶಕ್ಕೆ ಬೆಳ್ಳಿಯ ಶಾಯಿ

ವಿಟ್ಲದ ಕಡೆಯ ಅಡಕೆತೋಟವನ್ನು ಕಂಡವರು ಮರಗಳ ಸಾಲಿನ ನಡುವಣ ಕಣಿಗಳನ್ನೂ ಕಂಡಿರುವರು. ಮಳೆಗಾಲದ ನೀರು ಬಸಿದು ಹೋಗಲು ಕಣಿ ಬೇಕೇ ಬೇಕು. ಅದು ಕಿರಿದಾದರೆ ನೀರು ಹರಿಯದು; ಅಗಲವಾದರೆ ಸಸಿ ನೆಡಲು ನೆಲ ಸಾಲದು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಸೌರಕೋಶದಲ್ಲಿಯೂ ಇಂಥದೇ ತೊಡಕೊಂದುಂಟು.

ಸಾಮಾನ್ಯವಾದ ಸೌರಕೋಶವು ಸಿಲಿಕಾನಿನ ತೆಳುವಾದ ಬಿಲ್ಲೆ. ಬೆಳಕು ಬಿದ್ದಾಗ ಅದರೊಳಗೆ ಎಲೆಕ್ಟ್ರಾನುಗಳು ಬಿಡುಗಡೆ ಹೊಂದುವುವು. ಅವನ್ನು ಹೊರತರಲು ಬಿಲ್ಲೆಯ ಮೇಲೆ ಕೂದಲೆಳೆಯಂಥ ಬೆಳ್ಳಿಯ ಗೆರೆಗಳಿರುತ್ತವೆ. ಗೆರೆಯಿದ್ದಲ್ಲಿ ನೆರಳು, ನೆರಳಿದ್ದಲ್ಲಿ ವಿದ್ಯುತ್ತಿಲ್ಲ. ಗೆರೆಯನ್ನು ತೀರ ಕಿರಿದಾಗಿಸಿದರೆ ರೋಧ ಹೆಚ್ಚಿ, ದೊರೆತ ಶಕ್ತಿಯು ಶಾಖವಾಗಿ ವ್ಯರ್ಥವಾಗುವುದು.

ಬೆಳ್ಳಿಯ ಪುಡಿ ಬೆರೆಸಿದ ಲೇಪವನ್ನು ಜಾಲರಿಯ ಮೂಲಕ ಅಚ್ಚೊತ್ತಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕ್ಷಣಕಾಲ ಸುಡುವುದು ರೂಢಿಯ ಕ್ರಮ. ಸಿಲಿಕಾನ್ ಈ ಕಾವನ್ನು ತಾಳಬಲ್ಲುದು. ಪ್ಲಾಸ್ಟಿಕ್ ಹಾಳೆಯ ಮೇಲೆ ರಚಿಸುವ ಹೊಸ ಬಗೆಯ ಕೋಶಗಳು ತಾಳಲಾರವು.

ಇಲ್ಲಿ ನೆರವಾಗುವುದು ನ್ಯಾನೋಕಣಗಳ ಶಾಯಿ. 1 ನ್ಯಾನೋಮೀಟರ್ ಎಂದರೆ 1 ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗ. ಬೆಳ್ಳಿಯ ಗಟ್ಟಿಯು ಕರಗಲು 962 ಡಿಗ್ರಿ ಬೇಕು. ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ ಬೆಳ್ಳಿಯ ಕಣಗಳಾದರೋ, ಕರಗದೆಯೇ, 200 ಡಿಗ್ರಿಗೂ ಕಡಿಮೆ ಉಷ್ಣತೆಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುವುವು. ಇದಕ್ಕೆ ಕಾರಣವೇನು? ಕಣವು ಚಿಕ್ಕದಾದಷ್ಟೂ ಅದರ ಮೇಲ್ಮೈಯಲ್ಲಿರುವ ಪರಮಾಣುಗಳ ಪಾಲು ಹೆಚ್ಚು. ಅವನ್ನು ಹಿಡಿದಿಡುವ ನೆರೆಯ ಪರಮಾಣುಗಳು ಕಡಿಮೆ. ಆದುದರಿಂದ ಅವು ಸುಲಭವಾಗಿ ಕದಲಿ ಪಕ್ಕದ ಕಣದೊಡನೆ ಸೇರುವುವು. ಶಾಯಿಯಲ್ಲಿರುವಾಗಲೇ ಅಂಟಿಕೊಳ್ಳದಂತೆ ಕಣಗಳಿಗೆ ಸಾವಯವ ಹೊದಿಕೆಯೊಂದನ್ನು ಕೊಟ್ಟಿರುತ್ತಾರೆ. ಕಾಯಿಸಿದಾಗ ಅದು ಕಳಚಿಹೋಗುವುದು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರೂ ಅವರ ಸಂಗಡಿಗರೂ 2014ರ ಸುಮಾರಿಗೆ ಇನ್ನೊಂದು ಉಪಾಯವನ್ನು ತೋರಿಸಿಕೊಟ್ಟರು. ಒಣಗುವಾಗ ಬೇಸಗೆಯ ಗದ್ದೆಯಂತೆ ಬಿರಿಯುವ ಲೇಪವನ್ನು ಹಚ್ಚಿ, ಬಿರುಕುಗಳಲ್ಲಿ ಲೋಹವನ್ನು ತುಂಬಿ, ಲೇಪವನ್ನು ತೊಳೆದರೆ, ಕಣ್ಣಿಗೆ ಕಾಣದಷ್ಟು ನವುರಾದ ಲೋಹದ ಬಲೆ ಉಳಿಯುವುದು. ಬೆಳಕಿಗೆ ಅದರಿಂದ ಹೆಚ್ಚು ಅಡ್ಡಿಯಿಲ್ಲ, ವಿದ್ಯುತ್ತಿಗೆ ದಾರಿಯುಂಟು.

ಬೆಳ್ಳಿಯಾದರೋ ದುಬಾರಿ ಲೋಹ. ತಾಮ್ರವು ಬಹುಮಟ್ಟಿಗೆ ಅಷ್ಟೇ ಒಳ್ಳೆಯ ವಾಹಕ, ಬಲು ಅಗ್ಗವೂ ಹೌದು. ಆದರೆ ಅದರ ನ್ಯಾನೋಕಣಗಳು ಗಾಳಿ ತಗುಲಿದೊಡನೆ ಆಕ್ಸೈಡ್ ಆಗತೊಡಗುವುವು, ಸಿಲಿಕಾನಿನೊಳಗೆ ತಾಮ್ರ ಇಳಿದರೆ ಕೋಶವೇ ಕೆಡುವುದು. ಈ ಎರಡು ದೋಷಗಳನ್ನು ಅಗ್ಗವಾಗಿ ತಡೆಯಬಲ್ಲ ಶಾಯಿಯು ದೊರೆತಂದು ಬಿಸಿಲಿನ ವಿದ್ಯುತ್ತು ಬಡವನ ಮನೆಗೆ ಇನ್ನಷ್ಟು ಹತ್ತಿರವಾಗುವುದು. ರಸಾಯನಶಾಸ್ತ್ರವನ್ನು ಓದುತ್ತಿರುವ ತರುಣರಿಗೆ ಇದಕ್ಕಿಂತ ಉಪಯುಕ್ತವಾದ ಕೆಲಸ ಬೇರೆ ಬೇಕೆ?